ಒಂದು ಕಂಬದ ದೂರ

ನನ್ನ ಮುಖ ಒಂದು ರಟ್ಟಿನ ಡಬ್ಬಿಯ ಮೇಲೆ ಅಚ್ಚಾಗಿತ್ತು. ಅಂಗೈಯಗಲದ ಡಬ್ಬಿ. ಅದರ ಬಲಮೂಲೆಯಲ್ಲಿ ನಾನು ತಲೆ ಬಾಚಿಕೊಂಡು, ಒಗೆದ ಶರ್ಟು ಹಾಕಿಕೊಂಡು, ಸ್ಪ್ಯಾನರ್ ಹಿಡಿದು ನಗುತ್ತಿದ್ದೇನೆ. ಸ್ಪ್ಯಾನರ್ ಹಿಡಿದಾಗ ನಾನು ಯಾವತ್ತೂ ಹಾಗೆ ನಕ್ಕವನಲ್ಲ. ಕೆಳಗೆ ಕೆಂಪಕ್ಷರದಲ್ಲಿ ಹೀಗಿತ್ತು: ‘ನಲವತ್ತು ವರ್ಷ ಅನುಭವದ ಮೇಸ್ತ್ರಿಯ ಮಾತು. ಗಾಡಿಗೆ ಹೊಸ ಜೀವ ಬಂತು!’

ಆ ಮಾತು ನಾನು ಆಡಿದ್ದು ನಿಜ. ಆಡಿದ ಮಾತು ಯಾರ ಮನೆ ಬಾಗಿಲಿಗೆ ಹೋಗಿ ನಿಂತಿತು ಎನ್ನುವುದೇ ಈಗ ಹೇಳಬೇಕಾದದ್ದು.

ನನ್ನದು ಹಳೆಯ ಕಾರುಗಳ ರಿಪೇರಿ ಕೆಲಸ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ. ಓದಲು ಬರುತ್ತದೆ, ಆದರೆ ಅಕ್ಷರದ ಕೆಳಗೆ ಬೆರಳು ಜಾರಿಸಿಕೊಂಡು ಹೋಗಬೇಕು. ಕಿವಿಯ ವಿಚಾರದಲ್ಲಿ ಮಾತ್ರ ನಾನು ಯಾರಿಗೂ ಸೋತವನಲ್ಲ. ಗಾಡಿ ಬೀದಿಯ ಆ ತುದಿಯಲ್ಲಿ ತಿರುಗಿಕೊಂಡಾಗಲೇ ಅದರ ಯಾವ ಪ್ಲಗ್ಗು ಸತ್ತಿದೆ ಎಂದು ಹೇಳಬಲ್ಲೆ.

ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚಲು ಒಂದು ಕರೀ ಟೋಪಿಯ ಡಬ್ಬ ಇರುತ್ತದೆ, ಡಿಸ್ಟ್ರಿಬ್ಯೂಟರ್ ಅಂತ. ಅದರೊಳಗೆ ಬೇಳೆಯಷ್ಟಗಲದ ಎರಡು ಲೋಹದ ಬಿಲ್ಲೆಗಳು. ಅವಕ್ಕೆ ಪಾಯಿಂಟ್ ಅನ್ನುತ್ತೇವೆ. ಇಂಜಿನ್ ತಿರುಗಿದಂತೆ ಅವು ಬಾಯಿ ತೆರೆಯುತ್ತವೆ, ಮುಚ್ಚುತ್ತವೆ. ತೆರೆದಾಗಲೊಮ್ಮೆ ಒಂದು ಕಿಡಿ. ತೆರೆದ ಬಾಯಿಯ ಸಂದು ಬೆಂಕಿಪೆಟ್ಟಿಗೆಯ ರಟ್ಟಿನಷ್ಟು ಇರಬೇಕು. ದಿನ ಕಳೆದಂತೆ ಬಿಲ್ಲೆಗಳು ಕರಕಾಗುತ್ತವೆ, ಸಂದು ಕೆಡುತ್ತದೆ, ಗಾಡಿ ಕೆಮ್ಮಲು ಶುರು ಮಾಡುತ್ತದೆ. ಉಜ್ಜಿ ಸಂದು ಕೂಡಿಸಿದರೆ ಮತ್ತೆ ಓಡುತ್ತದೆ. ನನ್ನ ಅರ್ಧ ಆಯುಸ್ಸು ಆ ಸಂದಿನಲ್ಲೇ ಕಳೆದಿದೆ.

ನನ್ನ ಹೆಂಡತಿಯ ತಮ್ಮನಿಗೆ ಬಿಡಿಭಾಗಗಳ ಅಂಗಡಿ ಇದೆ. ಒಂದು ಮಧ್ಯಾಹ್ನ ಅವನು ಒಂದು ಹೊಸ ಸಾಮಾನು ಹಿಡಿದು ನನ್ನ ಶೆಡ್ಡಿಗೆ ಬಂದ.

“ಭಾವ, ಇನ್ನೂ ಎಷ್ಟು ದಿನ ಬೆಂಕಿಪೆಟ್ಟಿಗೆ ರಟ್ಟು ಇಟ್ಕೊಂಡು ಕೂತಿರ್ತೀರಾ?”

“ಗಾಡಿ ಓಡೋವರೆಗೂ.”

“ಇದನ್ನ ನೋಡಿ. ಎಲೆಕ್ಟ್ರಾನಿಕ್ ಕಿಟ್ಟು. ಪಾಯಿಂಟೇ ಇಲ್ಲ. ಸವೆಯಲ್ಲ, ಸುಡಲ್ಲ. ಐದರಲ್ಲಿ ಒಂದು ಪಾಲು ಪವರ್ ಜಾಸ್ತಿ, ನಾಲ್ಕರಲ್ಲಿ ಒಂದು ಪಾಲು ಪೆಟ್ರೋಲ್ ಉಳಿಯುತ್ತೆ. ಅರ್ಧ ಸುತ್ತಿಗೆ ಸ್ಟಾರ್ಟು. ಜೀವಮಾನ ಪೂರ್ತಿ ಮುಟ್ಟೋ ಹಾಗೇ ಇಲ್ಲ.”

“ಯಾರ ಜೀವಮಾನ? ಗಾಡೀದೋ, ನಂದೋ?”

“ನಿಮಗೆ ಎಲ್ಲಾ ತಮಾಷೆ. ಒಂದು ಗಾಡಿಗೆ ಹಾಕಿ ನೋಡಿ ಭಾವ. ಆಮೇಲೆ ಮಾತಾಡಿ.”

ಅವನ ಕೈಯಲ್ಲಿದ್ದದ್ದು ಕರೀ ಅಂಟು ತುಂಬಿ ಮುಚ್ಚಿದ ಒಂದು ಪುಟ್ಟ ತುಂಡು, ಎರಡು ವೈರು, ಆಯಸ್ಕಾಂತದ ಒಂದು ಉಂಗುರ. ಒಳಗೇನಿದೆ ಎಂದು ಯಾರೂ ಬಿಚ್ಚಿ ನೋಡುವ ಹಾಗಿರಲಿಲ್ಲ.

ಆ ವಾರ ಶೆಡ್ಡಿನಲ್ಲಿದ್ದದ್ದು ನರ್ಸಮ್ಮನ ಗಾಡಿ. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತಿಯಾಗಿ ಹತ್ತು ವರ್ಷವಾದರೂ ಸೂಜಿ ಬಿಟ್ಟವರಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ತಾವೇ ಗಾಡಿ ಓಡಿಸಿಕೊಂಡು ಹೋಗಿ ಇಂಜೆಕ್ಷನ್ ಕೊಡುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು. ಗಾಡಿ ಅವರ ತಂದೆಯದು, ಕೆನೆ ಬಣ್ಣದ್ದು, ದುಂಡು ಕಣ್ಣಿನದು. ಅದರ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಮುಲಾಮಿನ ಒಂದು ಹಳೆಯ ತಗಡಿನ ಡಬ್ಬಿ ಸದಾ ಇರುತ್ತಿತ್ತು. ಅದರಲ್ಲಿ ಒಂದು ಹೊಸ ಪಾಯಿಂಟ್ ಸೆಟ್ಟು, ಉಗುರು ಉಜ್ಜುವ ಒಂದು ಅರ, ಬೆಂಕಿಪೆಟ್ಟಿಗೆಯ ರಟ್ಟಿನ ಒಂದು ಚೂರು. ದಾರಿಯಲ್ಲಿ ಗಾಡಿ ನಿಂತರೆ ಪಾಯಿಂಟ್ ಉಜ್ಜಿಕೊಳ್ಳುವುದನ್ನು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಹೆಣ್ಣು ಕೈ, ಸೂಜಿ ಹಿಡಿದ ಕೈ. ನನಗಿಂತ ನಾಜೂಕಾಗಿ ಕಲಿತಿದ್ದರು. ಮೂವತ್ತು ವರ್ಷದಲ್ಲಿ ಅವರು ದಾರಿ ಮೇಲೆ ಕೂತು ಅತ್ತದ್ದಿಲ್ಲ.

ಈಗ ನನ್ನ ಕೆಲಸದ ರೀತಿ ಹೇಳಬೇಕು, ಯಾಕೆಂದರೆ ತಪ್ಪು ಅದರಲ್ಲೇ ಇತ್ತು. ಬಾನೆಟ್ ಎತ್ತಿದೆನೆಂದರೆ ಒಂದೇ ಕೆಲಸ ಮಾಡಿ ಇಳಿಸುವವನಲ್ಲ ನಾನು. ‘ಅರ್ಧ ಗುಣವಾದ ರೋಗಿ, ಅರ್ಧ ಮಾಡಿದ ಗಾಡಿ ಎರಡನ್ನೂ ಮನೆಗೆ ಕಳಿಸಬೇಡ’ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಆ ದಿನವೂ ಹಾಗೇ ಮಾಡಿದೆ. ನಾಲ್ಕು ಹೊಸ ಪ್ಲಗ್ಗು, ಹೊಸ ವೈರು ಹಾಕಿದೆ. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಏರ್ ಫಿಲ್ಟರ್ ಬದಲಿಸಿದೆ. ವಾಲ್ವುಗಳ ಟ್ಯಾಪೆಟ್ ಕೂಡಿಸಿದೆ, ಕಿಡಿ ಬೀಳುವ ಹೊತ್ತು, ಅಂದರೆ ಟೈಮಿಂಗ್, ಕೂಡಿಸಿದೆ. ಒಂದೂವರೆ ವರ್ಷದಿಂದ ಮುಟ್ಟದೆ ಕರಕಾಗಿ ಕೂತಿದ್ದ ಪಾಯಿಂಟ್ ಕಿತ್ತು ಅದರ ಜಾಗಕ್ಕೆ ಭಾವಮೈದುನನ ಕಿಟ್ಟು ಕೂರಿಸಿದೆ. ಅಷ್ಟೆಲ್ಲ ಮಾಡಿದ ಮೇಲೆ ಕಿಟ್ಟಿನ ಬದಲು ಹಳೆಯ ಚಪ್ಪಲಿ ಕಟ್ಟಿದ್ದರೂ ಆ ಗಾಡಿ ಹಾರುತ್ತಿತ್ತು.

ನರ್ಸಮ್ಮ ಒಂದು ಸುತ್ತು ಹೋಗಿ ಬಂದರು. ಮುಖ ಅರಳಿತ್ತು.

“ಮೇಸ್ತ್ರಿ, ಇದು ನನ್ನ ಗಾಡೀನೇನಾ? ಏರು ಹತ್ತುವಾಗ ಉಸಿರೇ ಕಟ್ಟಲಿಲ್ಲ!”

“ಗಾಡಿಗೆ ಹೊಸ ಜೀವ ಬಂತು ನರ್ಸಮ್ಮ,” ಎಂದೆ ನಾನು.

ಭಾವಮೈದುನ ಪಕ್ಕದಲ್ಲೇ ಫೋನು ಹಿಡಿದು ನಿಂತಿದ್ದ. “ಭಾವ, ಅದನ್ನೇ ಇನ್ನೊಂದು ಸಲ ಹೇಳಿ. ಈ ಕಡೆ ನೋಡಿ ಹೇಳಿ,” ಎಂದ.

ನಾನು ಆ ಕಡೆ ನೋಡಿ ಹೇಳಿದೆ.

ಆಗ ನನಗೆ ಗೊತ್ತಿರಲಿಲ್ಲವೆ? ಹೊಟ್ಟೆಯೊಳಗೆ ಗೊತ್ತಿತ್ತು. ಏಳೆಂಟು ಕೆಲಸ ಒಟ್ಟಿಗೆ ಮಾಡಿದ್ದೇನೆ, ಗಾಡಿಯನ್ನು ಎಬ್ಬಿಸಿದ್ದು ಅದರಲ್ಲಿ ಯಾವುದು ಎಂದು ಬೇರೆ ಮಾಡಿ ನೋಡಿಲ್ಲ ಎನ್ನುವುದು ಚೆನ್ನಾಗಿ ಗೊತ್ತಿತ್ತು. ಆದರೆ ನಲವತ್ತು ವರ್ಷ ಬಾನೆಟ್ಟಿನ ಕೆಳಗೆ ತಲೆ ತಗ್ಗಿಸಿದವನಿಗೆ ‘ಈ ಕಡೆ ನೋಡಿ’ ಎಂದು ಯಾರೂ ಅಂದಿರಲಿಲ್ಲ. ಅವನ ಹತ್ತಿರ ನಾನು ಕಾಸು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಕಾಸಿಗೆ ಬಾಯಿಬಿಟ್ಟ ಎಂದಾದರೂ ಆಗುತ್ತಿತ್ತು. ನಾನು ಬರೀ ಮುಖಕ್ಕೆ ಬಾಯಿಬಿಟ್ಟೆ.

ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದೆ. ಡ್ಯಾಶ್‌ಬೋರ್ಡಿನ ಗೂಡಿನಿಂದ ಆ ತಗಡಿನ ಡಬ್ಬಿ ತೆಗೆದು ನನ್ನ ಕಪಾಟಿನ ಮೇಲಿಟ್ಟೆ. “ಇನ್ನು ಇದರ ಋಣ ಮುಗೀತು ನರ್ಸಮ್ಮ. ಉಗುರು ಬೇಕಾದ್ರೆ ಉಜ್ಕೊಳ್ಳಿ, ಪಾಯಿಂಟ್ ಉಜ್ಜೋದು ಬೇಡ,” ಎಂದೆ. ಅವರು ನಕ್ಕರು. ನಾನು ಹೇಳಿದ್ದೆಂದರೆ ಅವರಿಗೆ ಡಾಕ್ಟರು ಹೇಳಿದ ಹಾಗೆ.

ಮಾರನೇ ದಿನ ಭಾವಮೈದುನ ಒಗೆದ ಶರ್ಟು ಹಾಕಿಸಿ ನನ್ನ ಪಟ ತೆಗೆದ. ತಿಂಗಳೊಪ್ಪತ್ತಿನಲ್ಲಿ ಆ ಪಟವಿದ್ದ ಕಿಟ್ಟಿನ ಡಬ್ಬಿ ಅಚ್ಚಾಗಿ ಬಂತು. ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿ, “ಮುಖ ಚೆನ್ನಾಗಿ ಬಂದಿದೆ. ಒಳಗೇನಿದೆ?” ಎಂದು ಕೇಳಿದಳು.

“ಒಳಗೆ ಕಿಟ್ಟು.”

“ಅದು ಗೊತ್ತು. ಅದೇನು ಮಾಡುತ್ತೆ?”

ನಾನು ಟೀ ಲೋಟ ಎತ್ತಿಕೊಂಡೆ.

ಜನ ಡಬ್ಬಿ ಹಿಡಿದು ಬರತೊಡಗಿದರು. ಎಂಟು ತಿಂಗಳಲ್ಲಿ ಹನ್ನೊಂದು ಗಾಡಿಗೆ ಹಾಕಿದೆ. ಪಾಯಿಂಟ್ ಹಾಳಾಗಿದ್ದ ಗಾಡಿಗಳಲ್ಲಿ ಕಿಟ್ಟು ಹಾಕಿದ ಕೂಡಲೇ ವ್ಯತ್ಯಾಸ ಕಾಣುತ್ತಿತ್ತು. ಹೊಸ ಪಾಯಿಂಟ್ ಹಾಕಿದ್ದರೂ ಕಾಣುತ್ತಿತ್ತು. ಮೊದಲೇ ಸರಿಯಿದ್ದ ಗಾಡಿಗಳಲ್ಲಿ ಏನೂ ಆಗಲಿಲ್ಲ. ದರ್ಜಿ ಒಬ್ಬ ತನ್ನ ಭಾರೀ ಗಾಡಿಗೆ ಹಾಕಿಸಿಕೊಂಡು ಹೋಗಿ ಮಾರನೇ ದಿನವೇ ವಾಪಸ್ ಬಂದ.

“ಮೇಸ್ತ್ರಿ, ಪವರ್ ಎಲ್ಲಿ ಬಂತು? ನನ್ನ ಹೆಂಡ್ತಿ ಒಂದು ಸಲ ಗದರಿದ್ರೆ ಇದಕ್ಕಿಂತ ಜಾಸ್ತಿ ಕರೆಂಟ್ ಹೊಡಿಯುತ್ತೆ.”

“ಸ್ವಲ್ಪ ಓಡಲಿ, ಕೂತ್ಕೊಳ್ಳುತ್ತೆ.”

“ಕೂತ್ಕೊಳ್ಳೋದಾದ್ರೆ ಮೊದಲೇ ಕೂತಿತ್ತಲ್ಲ! ಓಡಲಿ ಅಂತ ತಾನೇ ಹಾಕಿಸಿದ್ದು?” ಎಂದ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡ. “ಹೋಗ್ಲಿ ಬಿಡಿ. ಡಬ್ಬಿ ಮೇಲೆ ನೀವೇ ಇದ್ದೀರಲ್ಲ. ನಿಮಗೆ ಗೊತ್ತಿರುತ್ತೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಎತ್ತು ಈಯಿತು ಎಂದವನು ನಾನು. ಕಟ್ಟಿದವರು ಅವರು.

ಒಂದು ಬೆಳಿಗ್ಗೆ ಎಂಟು ಗಂಟೆಗೆ ನರ್ಸಮ್ಮನ ಫೋನು ಬಂತು. ಗಾಡಿ ನಡುದಾರಿಯಲ್ಲಿ ಸತ್ತುಹೋಗಿದೆ, ಒಂದು ಕೆಮ್ಮೂ ಇಲ್ಲ ಎಂದರು. ಒಂದು ಮನೆ ಮುಗಿಸಿ ಅವರು ಹೋಗುತ್ತಿದ್ದದ್ದು ಒಬ್ಬ ಮುದುಕ ಬಡಗಿಯ ಮನೆಗೆ. ಅವನಿಗೆ ಒಳಗೆ ಗಡ್ಡೆ. ನೋವಿನ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬೀಳಲೇಬೇಕು. ಗಾಡಿ ಬಿಟ್ಟು ನರ್ಸಮ್ಮ ಬ್ಯಾಗು ಹಿಡಿದು ನಡೆದೇ ಹೋದರು. ತಲುಪುವಾಗ ಒಂದು ಗಂಟೆಗೂ ಮೇಲೆ ತಡ. ಮುದುಕ ಚಾದರದ ಅಂಚನ್ನು ಬಾಯಿಗೆ ತುರುಕಿಕೊಂಡು ಮಲಗಿದ್ದನಂತೆ, ಸೊಸೆಗೆ ಕೂಗು ಕೇಳಿಸಬಾರದು ಅಂತ.

ನಾನೂ ಭಾವಮೈದುನನೂ ಹೋಗಿ ಗಾಡಿ ಕಟ್ಟಿ ಎಳೆದು ತಂದೆವು. ನೇರ ವೈರು ಕೊಟ್ಟು ನೋಡಿದೆ: ಬ್ಯಾಟರಿ ತುಂಬಿತ್ತು, ಪೆಟ್ರೋಲ್ ಇತ್ತು, ಕಿಡಿ ಇರಲಿಲ್ಲ. ಕಿಟ್ಟು ಸತ್ತಿತ್ತು. ಆ ಕರೀ ಅಂಟಿನೊಳಗೆ ಏನಾಯಿತೋ ಯಾರಿಗೂ ಕಾಣುವುದಿಲ್ಲ. ಪಾಯಿಂಟ್ ಆಗಿದ್ದರೆ ಕುಂಟುತ್ತಲಾದರೂ ಓಡುತ್ತಿತ್ತು. ನಿಂತರೂ ಉಜ್ಜಿಕೊಂಡು ಕಾಲು ಗಂಟೆಯಲ್ಲಿ ಹೊರಡಬಹುದಿತ್ತು. ಇದು ಹಾಗಲ್ಲ. ಇದ್ದರೆ ಇತ್ತು, ಹೋದರೆ ಹೋಯಿತು. ಅವರ ತಗಡಿನ ಡಬ್ಬಿ ನನ್ನ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು.

ಮಧ್ಯಾಹ್ನ ನರ್ಸಮ್ಮ ಶೆಡ್ಡಿಗೆ ಬಂದರು. ಚಪ್ಪಲಿಯ ಪಟ್ಟಿ ಹಿಮ್ಮಡಿ ಕೊರೆದು ಗಾಯವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಭಾವಮೈದುನ ಕೇಳಿದ:

“ನರ್ಸಮ್ಮ, ಮೊದಲನೇ ಮನೆ ಹತ್ರ ಇಂಜಿನ್ ಆಫ್ ಮಾಡಿ ಕೀ ಆನ್‌ನಲ್ಲೇ ಬಿಟ್ಟು ಹೋಗಿದ್ರಾ? ಹಾಗೆ ಬಿಟ್ರೆ ಒಳಗೇ ಕಾದು ಸುಟ್ಟುಹೋಗುತ್ತೆ. ಇಂಥ ಕೇಸೆಲ್ಲ ಅದೇ.”

“ನಾನಾ? ಕೀ ತೆಗೀತೀನಲ್ಲ ಯಾವಾಗಲೂ…”

“ನೆನಪಿದೆಯಾ, ಇವತ್ತು ತೆಗೆದದ್ದು?”

ನರ್ಸಮ್ಮ ಯೋಚಿಸಿದರು. ಅವರ ಕಣ್ಣು ಒಂದು ಕಡೆ ನಿಲ್ಲಲಿಲ್ಲ. “ನೆನಪಿಲ್ಲ,” ಎಂದರು ಕೊನೆಗೆ. “ಮೊನ್ನೆ ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ತು. ಆಗಲೇ ಅಂದ್ಕೊಂಡೆ.”

“ವಯಸ್ಸಾದ ಮೇಲೆ ಆಗುತ್ತೆ ಬಿಡಿ ನರ್ಸಮ್ಮ,” ಎಂದ ಅವನು, ಬಹಳ ಮರ್ಯಾದೆಯಿಂದ.

ಅವರು ಬಂದವರೇ ಕೊಟ್ಟ ಕೀ ಗೊಂಚಲು ಆಗ ನನ್ನ ಕೈಯಲ್ಲಿತ್ತು. ಒಂದೇ ಉಂಗುರದಲ್ಲಿ ಎರಡು ಕೀ. ಒಂದು ಗಾಡಿಯದು. ಇನ್ನೊಂದು ಅವರ ಔಷಧಿ ಬ್ಯಾಗಿನದು. ಎಷ್ಟೋ ವರ್ಷದ ಹಿಂದೆ ಬ್ಯಾಗಿನ ಕೀ ಒಮ್ಮೆ ಕಳೆದುಹೋದಾಗ ಆ ಉಂಗುರ ತಿರುಚಿ ಎರಡನ್ನೂ ಜೋಡಿಸಿ ಕೊಟ್ಟವನು ನಾನೇ. ಗಾಡಿಯಿಂದ ಕೀ ಕೀಳದೆ ಬ್ಯಾಗು ತೆರೆಯುವಂತಿಲ್ಲ. ಅವತ್ತು ಮೊದಲನೇ ಮನೆಯಲ್ಲಿ ಅವರು ಒಬ್ಬರಿಗೆ ಇಂಜೆಕ್ಷನ್ ಕೊಟ್ಟು ಬಂದಿದ್ದರು. ಬ್ಯಾಗು ತೆರೆದಿದ್ದರು. ಅಂದಮೇಲೆ ಕೀ ಅವರ ಕೈಯಲ್ಲಿತ್ತು, ಗಾಡಿಯಲ್ಲಿರಲಿಲ್ಲ.

ಇದೆಲ್ಲ ನನಗೆ ಆ ಕ್ಷಣವೇ ಹೊಳೆಯಿತು. ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಆಡಿದ್ದರೆ, ಹಾಗಾದರೆ ಕಿಟ್ಟು ಯಾಕೆ ಸತ್ತಿತು ಎಂಬ ಪ್ರಶ್ನೆ ಬರುತ್ತಿತ್ತು. ಅದರ ಹಿಂದೆ, ನನ್ನ ತಗಡಿನ ಡಬ್ಬಿ ಯಾಕೆ ತೆಗೆದಿರಿ ಎನ್ನುವುದೂ ಬರುತ್ತಿತ್ತು. ಭಾವಮೈದುನ ಶೆಡ್ಡಿನ ಗೋಡೆಗೆ ಹಾಕಿಸಿದ್ದ ನನ್ನದೇ ದೊಡ್ಡ ಪಟ ಸ್ಪ್ಯಾನರ್ ಹಿಡಿದು ನಗುತ್ತಿತ್ತು.

ನಾನು ಗೊಂಚಲನ್ನು ಮೊಳೆಗೆ ನೇತುಹಾಕಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಒರೆಸಿದವನು ಭಾವಮೈದುನ ಇರಬಹುದು, ಆದರೆ ಮೇಕೆಯ ಕತ್ತು ಹಿಡಿದುಕೊಂಡು ನಿಂತವನು ನಾನು.

“ಮರೆವು ಬಂದವಳು ಸೂಜಿ ಹಿಡೀಬಾರದು ಮೇಸ್ತ್ರಿ,” ಎಂದರು ನರ್ಸಮ್ಮ ಹೋಗುವಾಗ. “ಇವತ್ತು ಕೀ ಮರೆತೆ. ನಾಳೆ ಔಷಧಿ ಅಳತೆ ಮರೆತರೆ? ಗಾಡಿ ಇಲ್ಲೇ ಇರ್ಲಿ. ಯಾರಾದ್ರೂ ಕೇಳಿದ್ರೆ ಕೊಟ್ಬಿಡಿ.”

ಹತ್ತು ದಿನ ಆ ಗಾಡಿ ನನ್ನ ಶೆಡ್ಡಿನಲ್ಲಿ ನಿಂತಿತು. ಕೆಲಸಕ್ಕೆ ಬಂದಾಗಲೆಲ್ಲ ಅದರ ದುಂಡು ಕಣ್ಣು ನನ್ನನ್ನೇ ನೋಡುತ್ತಿತ್ತು. ಬಾಗಿಲು ಸರಿಸಿದರೆ ಮೊಳೆಯ ಮೇಲಿನ ಗೊಂಚಲು ಕಿಣಿ ಅನ್ನುತ್ತಿತ್ತು. ಕಿವಿ ಚೆನ್ನಾಗಿರುವುದೂ ಒಂದು ಶಿಕ್ಷೆಯೇ.

ಭಾನುವಾರ ಬೆಳಿಗ್ಗೆ ಹೆಂಡತಿಗೆ ಹೇಳಿದೆ: “ಬಾ, ಒಂದು ಸುತ್ತು ಹೋಗೋಣ. ಕಂಬ ಎಣಿಸಬೇಕು.”

“ಈ ವಯಸ್ಸಲ್ಲಾ? ಮದುವೆಯಾದ ಹೊಸದರಲ್ಲಿ ನಕ್ಷತ್ರ ಎಣಿಸೋಕೆ ಕರೀಲಿಲ್ಲ, ಈಗ ಕಂಬ ಎಣಿಸೋಕೆ ಕರೀತಿದ್ದೀರಿ,” ಎಂದಳು. ಆದರೂ ಬಂದಳು.

ಎಂಟು ತಿಂಗಳ ಹಿಂದೆ ಮಾಡಬೇಕಾಗಿದ್ದ ಕೆಲಸವನ್ನು ಅವತ್ತು ಮಾಡಿದೆ. ನರ್ಸಮ್ಮನ ಗಾಡಿಯಲ್ಲಿ ಬೇರೇನನ್ನೂ ಮುಟ್ಟದೆ, ಅವರ ತಗಡಿನ ಡಬ್ಬಿಯಲ್ಲಿದ್ದ ಹೊಸ ಪಾಯಿಂಟ್ ಹಾಕಿ ಸಂದು ಕೂಡಿಸಿದೆ. ಟ್ಯಾಂಕಿನ ಪೈಪು ತಪ್ಪಿಸಿ, ಅರ್ಧ ಲೀಟರ್ ಪೆಟ್ರೋಲಿನ ಸೀಸೆಯೊಂದನ್ನು ಬಾನೆಟ್ಟಿನೊಳಗೆ ಕಟ್ಟಿ ಅದರಿಂದ ಪೈಪು ಕೊಟ್ಟೆ. ಊರಿನ ನೀರಿನ ಟ್ಯಾಂಕಿನಿಂದ ಆಚೆಗೆ ಖಾಲಿ ರಸ್ತೆ ಇದೆ, ಉದ್ದಕ್ಕೂ ಕರೆಂಟ್ ಕಂಬ. ಮುಳ್ಳು ಒಂದೇ ವೇಗದಲ್ಲಿ ನಿಲ್ಲಿಸಿ, ಸೀಸೆ ಬರಿದಾಗಿ ಗಾಡಿ ತಾನೇ ನಿಲ್ಲುವವರೆಗೂ ಓಡಿಸಿದೆ. ಹೆಂಡತಿ ಎಣಿಸಿದಳು: ನೂರ ಮೂವತ್ತೊಂದು ಕಂಬ. ವಾಪಸ್ ಬಂದು ಪಾಯಿಂಟ್ ತೆಗೆದು, ಭಾವಮೈದುನನ ಅಂಗಡಿಯಿಂದ ತಂದಿದ್ದ ಹೊಸ ಕಿಟ್ಟು ಹಾಕಿ, ಟೈಮಿಂಗ್ ಮೊದಲಿನ ಗುರುತಿಗೇ ಕೂಡಿಸಿ, ಅದೇ ಸೀಸೆ, ಅದೇ ರಸ್ತೆ. ನೂರ ಮೂವತ್ತೆರಡು. ಮತ್ತೆ ಪಾಯಿಂಟ್ ಹಾಕಿ ಓಡಿಸಿದೆ: ನೂರ ಮೂವತ್ತೆರಡು. ಮತ್ತೆ ಕಿಟ್ಟು: ನೂರ ಮೂವತ್ತೆರಡು. ಏರು ಹತ್ತುವಾಗ ಎರಡರಲ್ಲೂ ಅದೇ ತಿರುವಿನಲ್ಲಿ ಗೇರು ಇಳಿಸಬೇಕಾಯಿತು.

ನಿಜ ಹೇಳಬೇಕೆಂದರೆ ಕಿಟ್ಟಿನಲ್ಲಿ ಒಂದು ಒಳ್ಳೆಯದೂ ಇದೆ. ತಣ್ಣಗಿನ ಇಂಜಿನ್ ತುಸು ಬೇಗ ಏಳುತ್ತದೆ, ಮತ್ತೆ ಮತ್ತೆ ಸಂದು ಕೂಡಿಸುವ ಗೋಳಿಲ್ಲ. ಸೋಮಾರಿಗೆ ಅದೂ ಒಂದು ವರವೇ. ಅಷ್ಟನ್ನೇ ಹೇಳಿ ಮಾರಿದ್ದರೆ ನನ್ನ ತಕರಾರಿರಲಿಲ್ಲ. ಐದರಲ್ಲಿ ಒಂದು ಪಾಲು, ನಾಲ್ಕರಲ್ಲಿ ಒಂದು ಪಾಲು ಎಲ್ಲಿಂದ ಬಂತೋ, ಅಚ್ಚು ಹಾಕಿದವನಿಗೇ ಗೊತ್ತು.

ಹೆಂಡತಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಪಾಯಿಂಟಿಗೂ ಕಿಟ್ಟಿಗೂ ಇರುವ ವ್ಯತ್ಯಾಸ ಇಷ್ಟೇ ಎಂದು ಹೇಳಿದೆ. ಅವಳು ಕೊನೆಯ ಕಂಬದ ಕಡೆ ಕೈ ತೋರಿಸಿದಳು.

“ಒಂದು ಕಂಬಕ್ಕೆ ನಿಮ್ಮ ಮುಖ ಕೊಟ್ರಾ?”

“ಅದೂ ಎರಡನೇ ಸಲ ಉಳೀಲಿಲ್ಲ.”

ಆಮೇಲೆ ಕೀ ಗೊಂಚಲಿನ ವಿಷಯವನ್ನೂ ಹೇಳಿದೆ. ಅವಳು ಎದ್ದು ನಿಂತಳು. ನಲವತ್ತು ವರ್ಷ ಹತ್ತಿರವಾದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

“ನರ್ಸಮ್ಮ ನಾಳೆ ಬ್ಯಾಗು ಆಸ್ಪತ್ರೆಗೆ ಕೊಟ್ಬಿಡ್ತಾರಂತೆ. ಬಡಗಿ ಮುದುಕನ್ನ ನೋಡೋಕೆ ಆಸ್ಪತ್ರೆಯೋರು ದಿನ ಬಿಟ್ಟು ದಿನ ಬರ್ತಾರಂತೆ. ದಿನ ಬಿಟ್ಟು ದಿನ! ನೋವು ದಿನ ಬಿಟ್ಟು ದಿನ ಬರುತ್ತಾ? ನಿಮಗೆ ಇದೆಲ್ಲ ಗೊತ್ತಿದ್ದೂ… ಇನ್ನೂ ಯಾಕೆ ನನ್ನ ಮುಂದೆ ನಿಂತಿದ್ದೀರಿ?”

“ನಿನ್ನ ತಮ್ಮ ಏನಂದ್ಕೋತಾನೋ…”

“ನನ್ನ ತಮ್ಮನ್ನ ನಾನು ನೋಡ್ಕೋತೀನಿ. ನೀವು ಹೋಗಿ.”

ಮಸಿ ಕೈಯಲ್ಲೇ ಹೋದೆ. ನರ್ಸಮ್ಮ ಬಾಗಿಲು ತೆಗೆದರು. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಮನೆ ತುಂಬ ಚೀಟಿ. ಬಾಗಿಲ ಹಿಂದೆ, ಗಡಿಯಾರದ ಕೆಳಗೆ, ನಲ್ಲಿಯ ಮೇಲೆ, ಒಲೆಯ ಹತ್ತಿರ ಬಿಳೀ ಚೀಟಿಗಳು, ಆಸ್ಪತ್ರೆಯ ಚೀಟಿಯ ಹಾಗೆ ನೀಟಾದ ಅಕ್ಷರದಲ್ಲಿ. ಬೆರಳಿಡಲು ನಾಚಿಕೆಯಾಗಿ ಕಣ್ಣಲ್ಲೇ ನಿಧಾನವಾಗಿ ಓದಿದೆ. ‘ಗ್ಯಾಸ್ ಆಫ್ ಮಾಡು.’ ‘ನಲ್ಲಿ.’ ‘ಮಾತ್ರೆ ತಗೊಂಡೆಯಾ?’ ಹೊರಬಾಗಿಲ ಮೇಲೆ ಒಂದೇ ಅಕ್ಷರ, ದೊಡ್ಡದಾಗಿ: ‘ಕೀ.’

ನನ್ನ ಆಯುಸ್ಸಿನಲ್ಲಿ ಓದಿದ್ದು ಕಡಿಮೆ. ಓದಿದ್ದರಲ್ಲಿ ಅಷ್ಟು ಕಷ್ಟದ್ದು ಬೇರೆ ಇಲ್ಲ.

“ಕೂತ್ಕೊಳ್ಳಿ ಮೇಸ್ತ್ರಿ. ಗಾಡಿ ಯಾರಾದ್ರೂ ಕೇಳಿದ್ರಾ?”

“ನರ್ಸಮ್ಮ, ಒಂದ್ಸಲ ಬ್ಯಾಗು ತೆಗೀರಿ.”

“ಯಾಕೆ? ಕೈ ಕೊಯ್ಕೊಂಡ್ರಾ?” ಎನ್ನುತ್ತ ಅವರು ಮೇಜಿನ ಮೇಲಿದ್ದ ಬ್ಯಾಗಿನ ಬಳಿ ಹೋದರು. ಬೀಗ ಮುಟ್ಟಿದರು. ಕೀ ಇಡುವ ಗೂಟ ನೋಡಿದರು, ಮೇಜಿನ ಡ್ರಾಯರ್ ಎಳೆದರು. ಮುಖ ಕಪ್ಪಿಟ್ಟಿತು. “ನೋಡಿ, ಇದನ್ನೂ ಎಲ್ಲೋ ಇಟ್ಟು ಮರೆತಿದ್ದೀನಿ.”

“ಮರೆತಿಲ್ಲ,” ಎಂದೆ. ಜೇಬಿನಿಂದ ಗೊಂಚಲು ತೆಗೆದು ಮೇಜಿನ ಮೇಲಿಟ್ಟೆ. “ನನ್ನ ಹತ್ರ ಇದೆ. ಗಾಡಿ ಕೀ ಜೊತೆ.”

ಅವರು ಉಂಗುರವನ್ನು ನೋಡಿದರು. ಬ್ಯಾಗು ನೋಡಿದರು. ಮತ್ತೆ ಉಂಗುರ. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುವವರ ಹಾಗೆ.

“ಅವತ್ತು ಮೊದಲನೇ ಮನೇಲಿ ನಾನು ಬ್ಯಾಗು ತೆಗೆದೆ,” ಎಂದರು.

“ಹೌದು.”

“ಬ್ಯಾಗು ತೆಗೆದೆ ಅಂದ್ರೆ ಕೀ ನನ್ನ ಕೈಲಿತ್ತು.”

“ಹೌದು ನರ್ಸಮ್ಮ. ನೀವು ಏನೂ ಮರೀಲಿಲ್ಲ. ಆ ಕಿಟ್ಟು ತಾನೇ ಸತ್ತಿತು. ಅದು ಹೇಳಿದಷ್ಟು ದೊಡ್ಡದೇನೂ ಅಲ್ಲ, ಇವತ್ತು ಓಡಿಸಿ ನೋಡ್ದೆ. ಆವಾಗ ನೋಡದೆ ಹೇಳಿದ್ದೆ. ನಿಮ್ಮ ಡಬ್ಬಿ ತೆಗೆದವನೂ ನಾನೇ.”

ಅವರು ಕುರ್ಚಿ ಹಿಡಿದು ಕೂತರು. ಸಮಾಧಾನವಾಯಿತೇನೋ ಎಂದುಕೊಂಡೆ. ಆಗ ಅವರು ತಲೆ ಎತ್ತಿ ಕೇಳಿದರು:

“ಈ ಕೀ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಲು ದಾರಿ ಇತ್ತು. ಇವತ್ತು ಎಂದಿದ್ದರೆ ನಂಬುತ್ತಿದ್ದರು. ನನ್ನ ಮಾತನ್ನು ಅವರು ಯಾವತ್ತು ನಂಬಿರಲಿಲ್ಲ?

“ಅವತ್ತೇ,” ಎಂದೆ. “ನೀವು ಅಲ್ಲಿ ನಿಂತಿದ್ದಾಗಲೇ.”

“ಹತ್ತು ದಿನ,” ಎಂದರು ನರ್ಸಮ್ಮ. ದನಿ ಏರಲಿಲ್ಲ. “ಹತ್ತು ದಿನ ನಾನು ಒಲೆ ಹಚ್ಚೋಕೆ ಹೆದರಿದೆ ಮೇಸ್ತ್ರಿ. ಎರಡೆರಡು ಸಲ ಎದ್ದು ಬಾಗಿಲು ನೋಡಿದೆ. ನನ್ನ ಕೈ ನಾನೇ ನಂಬಲಿಲ್ಲ. ಇಂಜಿನ್ ಕೆಟ್ರೆ ನೀವು ಬಿಚ್ಚಿ ನೋಡ್ತೀರಿ. ನನ್ನ ತಲೆ ಕೆಟ್ಟಿದೆ ಅಂತ ಬಿಚ್ಚದೇ ಹೇಳ್ಬಿಟ್ರಿ.”

ಹೇಳಿದ್ದು ನಾನಲ್ಲ, ಭಾವಮೈದುನ ಎನ್ನಬಹುದಿತ್ತು. ಅವನು ಆಡಿ ಹೇಳಿದ, ನಾನು ಆಡದೆ ಹೇಳಿದೆ. ತಲೆ ತಗ್ಗಿಸಿ ನಿಂತೆ.

ಅವರು ಎದ್ದು ಒಂದೊಂದೇ ಚೀಟಿ ಕೀಳತೊಡಗಿದರು. ನಲ್ಲಿಯದು, ಗಡಿಯಾರದ್ದು, ಒಲೆಯದು. ನಾನು ಸಹಾಯಕ್ಕೆ ಬಾಗಿಲ ಮೇಲಿನದಕ್ಕೆ ಕೈ ಚಾಚಿದೆ.

“ಮುಟ್ಬೇಡಿ,” ಎಂದರು. “ನಾಳೆ ಬೆಳಿಗ್ಗೆ ಏಳು ಗಂಟೆಗೆ ಶೆಡ್ಡು ತೆಗೆದಿರ್ಲಿ.”

ಅಲ್ಲಿಂದ ನೇರ ಭಾವಮೈದುನನ ಅಂಗಡಿಗೆ ಹೋದೆ. ಅಕ್ಕನ ಫೋನು ಆಗಲೇ ಬಂದಿತ್ತೆಂದು ಕಾಣುತ್ತದೆ, ಕಿವಿ ಕೆಂಪಗಿತ್ತು. ಡಬ್ಬಿಯಿಂದ ನನ್ನ ಮುಖ ತೆಗೆ ಎಂದೆ.

“ಭಾವ, ಕಪಾಟಲ್ಲಿ ಇನ್ನೂ ಅರವತ್ತು ಡಬ್ಬಿ ಇದೆ. ಈಗ ಮುಖ ತೆಗೆ ಅಂದ್ರೆ ಹೇಗೆ? ಜನ ಏನಂದ್ಕೋತಾರೆ?”

“ನಿಜ ಅಂದ್ಕೋತಾರೆ.”

“ನಿಮ್ಮ ಮರ್ಯಾದೆನೇ ಹೋಗುತ್ತೆ, ನಂದಲ್ಲ.”

“ಅದು ಹೋಗಿ ಎಂಟು ತಿಂಗಳಾಯ್ತು ಕಣಯ್ಯ. ಈಗ ಗೊತ್ತಾಗ್ತಿದೆ ಅಷ್ಟೇ.”

ಬೆಲೆ ಬರೆಯುವ ಬಿಳೀ ಚೀಟಿಯ ಸುರುಳಿ ಕೇಳಿ ಪಡೆದೆ. ಸ್ಟೂಲಿನ ಮೇಲೆ ಕೂತು ಅರವತ್ತು ಡಬ್ಬಿಯಲ್ಲೂ ನನ್ನ ಮುಖದ ಮೇಲೆ, ಮಾತಿನ ಮೇಲೆ ಚೀಟಿ ಅಂಟಿಸಿದೆ. ಅವನು ಮೊದಲು ಸುಮ್ಮನೆ ನೋಡಿದ. ನಲವತ್ತು ಡಬ್ಬಿ ದಾಟಿದ ಮೇಲೆ ತಾನೂ ಒಂದು ಸುರುಳಿ ತೆಗೆದುಕೊಂಡು ಆ ತುದಿಯಿಂದ ಶುರು ಮಾಡಿದ.

ಹನ್ನೊಂದು ಗಾಡಿಯವರ ಮನೆಗೂ ಆ ವಾರ ಹೋಗಿ ಬಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ: ಕೂಡಿಸುವ ಗೋಳು ತಪ್ಪುತ್ತದೆ, ಪವರೂ ಇಲ್ಲ, ಉಳಿತಾಯವೂ ಇಲ್ಲ, ಗಾಡಿಯಲ್ಲಿ ಒಂದು ಪಾಯಿಂಟ್ ಸೆಟ್ಟು ಇಟ್ಟುಕೊಂಡಿರಿ. ಇಬ್ಬರು ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ದರ್ಜಿ ಮಾತ್ರ ಹೊಲಿಗೆ ನಿಲ್ಲಿಸಿ, “ಹಾಗಾದ್ರೆ ಆ ಡಬ್ಬೀಲಿ ನಿಜವಾಗ್ಲೂ ಚೆನ್ನಾಗಿದ್ದದ್ದು ನಿಮ್ಮ ಶರ್ಟು ಒಂದೇ. ಅದನ್ನ ಹೊಲಿದವನು ನಾನು,” ಎಂದ. ನಗಬೇಕೆನಿಸಿತು, ಆಗಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಸೋಮವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನರ್ಸಮ್ಮ ಶೆಡ್ಡಿಗೆ ಬಂದರು. ಕೈಯಲ್ಲಿ ಬ್ಯಾಗು, ಹಿಮ್ಮಡಿಗೆ ಪಟ್ಟಿ. ಗೋಡೆಯ ಮೇಲೆ ಪಟ ಇದ್ದ ಜಾಗದ ಬೆಳ್ಳಗಿನ ಚೌಕ ನೋಡಿದರು. ನಾನು ತಗಡಿನ ಡಬ್ಬಿ ಒರೆಸಿ ಸಿದ್ಧವಾಗಿಟ್ಟಿದ್ದೆ. ಬಾನೆಟ್ ಎತ್ತಿ, “ಕೂಡಿಸಿಬಿಡ್ತೀನಿ, ಹತ್ತು ನಿಮಿಷ,” ಎಂದೆ.

“ಬೇಡ,” ಎಂದರು. “ನಾನೇ ಹಾಕ್ತೀನಿ.”

ಬ್ಯಾಗು ಸೀಟಿನ ಮೇಲಿಟ್ಟು ತೋಳು ಮಡಚಿದರು. ಕರೀ ಟೋಪಿ ಬಿಚ್ಚಿ ಕಿಟ್ಟು ಕಿತ್ತು ನನ್ನ ಬೆಂಚಿನ ಮೇಲಿಟ್ಟರು. ಪಾಯಿಂಟ್ ಕೂರಿಸಿ, ಸಂದಿಗೆ ಬೆಂಕಿಪೆಟ್ಟಿಗೆಯ ರಟ್ಟು ತೂರಿಸಿ, ಸ್ಕ್ರೂ ಬಿಗಿದು, ರಟ್ಟು ಎಳೆದು ನೋಡಿದರು. ತುಸು ಬಿಗಿಯಾಯಿತು. ಅದು ನನಗೆ ದೂರದಿಂದಲೇ ಕಾಣುತ್ತಿತ್ತು. ಅಭ್ಯಾಸ ಬಲ, ನನ್ನ ಕೈ ತಾನೇ ಮುಂದೆ ಹೋಯಿತು.

“ಕೈ ತೆಗೀರಿ ಮೇಸ್ತ್ರಿ.”

ತೆಗೆದೆ. ಅವರು ಸ್ಕ್ರೂ ಸಡಿಲಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ಬೆರಳು ಒಂದು ಚೂರೂ ನಡುಗುತ್ತಿರಲಿಲ್ಲ. ಬಡಗಿ ಮುದುಕನ ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತೆ.